ಫ್ಯಾಟಿ ಲಿವರ್ ಹಿಮ್ಮೆಟ್ಟಿಸಲು 7 ಸೂತ್ರಗಳು

ಕಂಪನಿಯ ಹೆಲ್ತ್ ಚೆಕಪ್‌ನಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಅಂತ ಬಂತಾ? ಪಕ್ಕದ ಸೀಟಿನವರು “ನನಗೂ ಇದೆ, ಬಿಡಿ” ಅಂದರಾ? ಬಿಡಬೇಡಿ. ಇವತ್ತೇ ಶುರು ಮಾಡಿ.

1. ನೋವಿಗೆ ಕಾಯಬೇಡಿ. ಕೊಬ್ಬು, ಉರಿಯೂತ, ಫೈಬ್ರೋಸಿಸ್ (ಲಿವರ್ ಕಲೆಗಟ್ಟುವುದು), ಸಿರೋಸಿಸ್ (ಕಲೆ ಹೆಚ್ಚಿ ಲಿವರ್ ಗಟ್ಟಿಯಾಗುವುದು): ಈ ದಾರಿ ವರ್ಷಗಟ್ಟಲೆ ಸದ್ದಿಲ್ಲದೆ ಸಾಗುತ್ತದೆ. ಎಲ್ಲರೂ ಕೊನೆ ಮುಟ್ಟುವುದಿಲ್ಲ, ನಿಜ. ಆದರೆ ‘ಆರಾಮಾಗಿದ್ದೀನಿ’ ಅನ್ನುವುದು ರಿಪೋರ್ಟ್ ಅಲ್ಲ.

2. ಫೈಬ್ರೋಸಿಸ್ ಸಾಧ್ಯತೆ ಅಂದಾಜಿಸುವ ನಿಮ್ಮ ಫಿಬ್-4 ಸ್ಕೋರ್ ತಿಳಿದುಕೊಳ್ಳಿ. ಬ್ಲಡ್ ರಿಪೋರ್ಟ್ ತೆಗೆದು, ವಯಸ್ಸನ್ನು ಅದರಲ್ಲಿರುವ ಎಸ್‌ಜಿಒಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ ಸಂಖ್ಯೆಯನ್ನು ಸಾವಿರದ ಲೆಕ್ಕದಲ್ಲಿ ಹಿಡಿದು, ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ವಯಸ್ಸು 42, ಎಸ್‌ಜಿಒಟಿ 48, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 2 ಲಕ್ಷ ಇದ್ದರೆ ಸ್ಕೋರ್ 1.26. ಪ್ಲೇಟ್‌ಲೆಟ್ ಮಾತ್ರ 1.5 ಲಕ್ಷಕ್ಕೆ ಇಳಿಯಲಿ, ಸ್ಕೋರ್ 1.68! ಲ್ಯಾಬ್‌ನವರು ಆ 1.5 ಲಕ್ಷವನ್ನು ‘ನಾರ್ಮಲ್’ ಎಂದೇ ಪ್ರಿಂಟ್ ಮಾಡಿರುತ್ತಾರೆ. 1.3 ದಾಟಿದರೆ ವೈದ್ಯರನ್ನು ಕಂಡು, ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಬಗ್ಗೆ ಕೇಳಿ. 35ರ ಒಳಗಿನವರಿಗೆ ಈ ಲೆಕ್ಕ ಅಷ್ಟು ನಂಬಿಕಸ್ಥ ಅಲ್ಲ. 65 ದಾಟಿದವರಿಗೆ ಗಡಿ 2.

3. ತೂಕಕ್ಕೆ ಟಾರ್ಗೆಟ್ ಹಾಕಿ. ಶೇ. 5 ಇಳಿದರೆ ಲಿವರ್ ಕೊಬ್ಬು ಕರಗತೊಡಗುತ್ತದೆ, 7 ದಾಟಿದರೆ ಉರಿಯೂತ ತಗ್ಗುತ್ತದೆ, 10 ಆದರೆ ಫೈಬ್ರೋಸಿಸ್ ಕೂಡ ಹಿಂದೆ ಸರಿಯಬಹುದು. 80 ಕೆ.ಜಿ. ಇರುವವರಿಗೆ ಅದು ಬರೀ 8 ಕೆ.ಜಿ. ವಾರಕ್ಕೆ ಅರ್ಧದಿಂದ ಒಂದು ಕೆ.ಜಿ. ಸಾಕು, ಉಪವಾಸ ಬಿದ್ದು ದಿಢೀರ್ ಇಳಿಸಿದರೆ ಲಿವರ್‌ಗೇ ಪೆಟ್ಟು. ‘ನಮ್ಮನೇಲಿ ಎಲ್ಲರಿಗೂ ಹೊಟ್ಟೆ ಇದೆ, ನನ್ನ ಕೈಲಾಗಲ್ಲ’ ಅನ್ನುವುದೂ ಒಂದು ಚಟ. ಬಿಡಿಸಿಕೊಳ್ಳಿ.

4. ಸಕ್ಕರೆ ಕಟ್ ಮಾಡಿ, ಕಾಫಿ ಅಲ್ಲ. ಕಾಫಿ ಕುಡಿಯುವವರಲ್ಲಿ ಫೈಬ್ರೋಸಿಸ್ ಕಡಿಮೆ ಎಂದು ಹಲವು ಅಧ್ಯಯನಗಳು ಕಂಡಿವೆ. ಲಿವರ್‌ನಲ್ಲಿ ಕೊಬ್ಬಾಗುವುದು ಲೋಟದೊಳಗಿನ ಸಕ್ಕರೆ, ಕೂಲ್ ಡ್ರಿಂಕ್, ಎರಡನೇ ಸಲ ಬಡಿಸಿಕೊಂಡ ಅನ್ನ.

5. ಕುಡಿತ ಬಿಡಿ. ‘ವೀಕೆಂಡ್ ಮಾತ್ರ’ ಅನ್ನುವುದು ಲಿವರ್‌ಗೆ ಗೊತ್ತಾಗುವುದಿಲ್ಲ.

6. ‘ನ್ಯಾಚುರಲ್’ ಅಂದ ಕೂಡಲೇ ನುಂಗಬೇಡಿ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದವರ ಲಿವರ್‌ಗೆ ಹಾನಿಯಾದ ಪ್ರಕರಣಗಳನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಆ ಜಗಳ ತಜ್ಞರಿಗಿರಲಿ. ಈಗಾಗಲೇ ಕಾಯಿಲೆ ಬಿದ್ದ ಲಿವರ್ ಮೇಲೆ ನೀವು ಪ್ರಯೋಗ ಮಾಡಬೇಡಿ. ಕಷಾಯ, ಪೌಡರ್, ಜಿಮ್ ಸಪ್ಲಿಮೆಂಟ್, ಎಲ್ಲವನ್ನೂ ವೈದ್ಯರಿಗೆ ತೋರಿಸಿ. ಲಿವರ್‌ಗೆ ಇನ್ನೊಂದು ಪೆಟ್ಟು ಬೀಳದಿರಲಿ: ಹೆಪಟೈಟಿಸ್ ಬಿ ಟೆಸ್ಟ್ ಮಾಡಿಸಿ, ನೆಗೆಟಿವ್ ಬಂದರೆ ಲಸಿಕೆ ಬಗ್ಗೆಯೂ ಕೇಳಿ.

7. ಸಿರೋಸಿಸ್ ಆಗಿದ್ದರೆ ರೂಲ್ಸ್ ಬೇರೆ. ‘ಪಥ್ಯ’ ಅಂತ ಗಂಜಿಗೆ ಇಳಿಯಬೇಡಿ. ಸ್ನಾಯು ಕರಗುತ್ತದೆ, ಪ್ರೋಟೀನ್ ಬೇಕು. ಮಲಗುವ ಮುನ್ನ ಏನಾದರೂ ತಿನ್ನಿ, ರಾತ್ರಿಯಿಡೀ ಹೊಟ್ಟೆ ಖಾಲಿ ಬಿಡಬೇಡಿ. ಉಪ್ಪು ತಗ್ಗಿಸಿ. 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ತಪ್ಪಿಸಬೇಡಿ, ಕ್ಯಾನ್ಸರ್ ಚಿಕ್ಕದಿರುವಾಗಲೇ ಸಿಗಬೇಕು. ಪೇನ್ ಕಿಲ್ಲರ್ ಅನ್ನು ಕೇಳದೆ ತಗೊಳ್ಳಬೇಡಿ. ರಕ್ತ ವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಾದರೆ, ಮಾತು ತೊದಲಿ ಗೊಂದಲವಾದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ನೇರ ಎಮರ್ಜೆನ್ಸಿಗೆ ಹೋಗಿ.