ಸೀಳಿದ ಅಳಗುಳಿ ಮಣೆ: ಮರಗೆಲಸ ನಮಗೆ ಹತ್ತಿದ್ದು ಹೀಗೆ

ಕಳೆದ ವರ್ಷ ದಸರಾ ರಜೆಗೆ ಮುಂಚೆ ನಮ್ಮಿಂದ ಒಂದು ತಪ್ಪಾಯಿತು. ನಾವು ನಾಲ್ಕು ಜನ ನಜರ್‌ಬಾದಿನ ಒಂದು ಹಳೇ ಹೆಂಚಿನ ಮನೆಯ ಹಿಂಭಾಗದಲ್ಲಿ ಬಾಡಿಗೆಗೆ ಇದ್ದೇವೆ. ಮುಂಭಾಗದಲ್ಲಿ ಮನೆ ಓನರ್ ಅಜ್ಜಿ. ಸಂಜೆ ಕರೆಂಟು ಹೋದಾಗಲೆಲ್ಲ ಅಜ್ಜಿ ಜಗಲಿಗೆ ಅಳಗುಳಿ ಮಣೆ ತಂದಿಟ್ಟು, "ಬನ್ರಪ್ಪಾ, ಒಂದಾಟ ಆಡೋಣ" ಅಂತ ಕರೆಯುತ್ತಿದ್ದರು. ಹುಣಸೆ ಬೀಜ ಹಂಚುತ್ತ ಹಂಚುತ್ತ ನಮ್ಮ ನಾಲ್ಕು ಜನರನ್ನೂ ಒಬ್ಬೊಬ್ಬರಾಗಿ ಸೋಲಿಸುತ್ತಿದ್ದರು. ಒಂದು ಸಲ ನಾವು ಆ ಮಣೆಯನ್ನು ರೂಮಿಗೆ ತಂದುಕೊಂಡು, ಬಚ್ಚಲಿನ ಒದ್ದೆ ಗೋಡೆಗೆ ಒರಗಿಸಿ ಮರೆತೇಬಿಟ್ಟೆವು. ವಾರ ಬಿಟ್ಟು ನೋಡಿದರೆ ಮಣೆ ನೀರು ಕುಡಿದು ಭಾರವಾಗಿತ್ತು. ಬೇಗ ಒಣಗಲಿ ಅಂತ ಮಧ್ಯಾಹ್ನದ ಬಿಸಿಲಿಗೆ ಇಟ್ಟೆವು. ಸಂಜೆಯ ಹೊತ್ತಿಗೆ ಅದು ಉದ್ದಕ್ಕೂ ಸೀಳಿತ್ತು.

ಅಜ್ಜಿಗೆ ತವರಿನಿಂದ ಬಂದ ಹಲಸಿನ ಮಣೆ ಅದು. "ಹೋಗ್ಲಿ ಬಿಡ್ರಪ್ಪಾ, ಹಳೇದು" ಅಂದರು. ಆದರೆ ಆಮೇಲೆ ಆಟಕ್ಕೆ ಕರೆಯಲಿಲ್ಲ.

ಎರಡು ಹೋಳನ್ನೂ ಚೀಲಕ್ಕೆ ಹಾಕಿಕೊಂಡು ಹತ್ತಿರದ ಮರಗೆಲಸದ ಆಚಾರ್ರ ಹತ್ತಿರ ಹೋದೆವು. ಅವರು ಸೀಳಿದ ಜಾಗವನ್ನು ಉಗುರಿನಿಂದ ಕೆರೆದರು. ಹಿಟ್ಟು ಉದುರಿತು. "ಒಳಗೆ ಹುಳ ತಿಂದದೆ ಕಣ್ರಪ್ಪಾ, ಅಂಟು ಹಾಕುದ್ರೂ ನಿಲ್ಲಲ್ಲ" ಅಂದರು. ಹೊಸದು ಮಾಡಿಕೊಡಿ ಅಂದಾಗ ನಕ್ಕರು. ಹದಿನಾಲ್ಕು ಗುಳಿ ತೋಡುವುದಕ್ಕೆ ಅವರು ಹಿಡಿಯುವ ಕೂಲಿಯನ್ನು ನಾವು ಕೊಡಲಾರೆವು ಎಂದು ಅವರಿಗೆ ಗೊತ್ತಿತ್ತು. "ನೀವೇ ಯಾಕೆ ಮಾಡಬಾರದು? ಇಂಜಿನಿಯರಿಂಗ್ ಓದ್ತಿದೀರ ಅಲ್ವಾ?"

ನಮ್ಮ ಮರಗೆಲಸ ಶುರುವಾದದ್ದು ಆ ಮಾತಿನಿಂದ.

ಉಳಿದವರು ಶುರು ಮಾಡಿದ್ದು ಹೇಗೆ?

ಕೆಲಸಕ್ಕೆ ಕೈ ಹಾಕುವ ಮುಂಚೆ, ಹವ್ಯಾಸಕ್ಕೆ ಮರಗೆಲಸ ಮಾಡುವ ಗೊತ್ತಿರುವವರನ್ನೆಲ್ಲ ಕೇಳಿದೆವು: "ನೀವು ಮೊದಲು ಉಳಿ ಹಿಡಿದದ್ದು ಯಾವಾಗ? ಯಾಕೆ?" ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಮುರಿದ ಕುರ್ಚಿಯ ಕಾಲು ಸರಿಮಾಡಲು ಹೋಗಿ ಹಿಡಿದರಂತೆ. ನಮ್ಮ ಸೀನಿಯರ್ ಒಬ್ಬ ಲಾಕ್‌ಡೌನಿನಲ್ಲಿ ತಾತನ ಹಳೇ ಪೆಟ್ಟಿಗೆ ತೆರೆದಾಗ ತುಕ್ಕು ಹಿಡಿದ ಹತ್ತರಿ ಸಿಕ್ಕಿತಂತೆ. ಅದರ ತುಕ್ಕು ಬಿಡಿಸಿದ ಮೇಲೆ ಸುಮ್ಮನೆ ಇಡಲು ಮನಸ್ಸಾಗದೆ ಒಂದು ಹಲಗೆ ಹೆರೆದ. ಇನ್ನೊಬ್ಬರಿಗೆ ಬಾಡಿಗೆ ಮನೆಯ ಗೂಡಿಗೆ ಸರಿಹೊಂದುವ ಪುಸ್ತಕದ ಶೆಲ್ಫು ಅಂಗಡಿಯಲ್ಲಿ ಸಿಗಲಿಲ್ಲ.

ಉತ್ತರಗಳಲ್ಲಿ ಎರಡು ಸಂಗತಿ ಸಮಾನವಾಗಿದ್ದವು. ಒಂದು, "ಮರಗೆಲಸ ಕಲಿಯಬೇಕು" ಎಂದುಕೊಂಡು ಶುರು ಮಾಡಿದವರು ಯಾರೂ ಇಲ್ಲ; ಎಲ್ಲರಿಗೂ ಒಂದು ನಿರ್ದಿಷ್ಟ ವಸ್ತು ಬೇಕಾಗಿತ್ತು. ಎರಡು, ಎಲ್ಲರ ಹಿಂದೆಯೂ ಪಕ್ಕದಲ್ಲಿ ನಿಂತು ನೋಡಲು ಬಿಟ್ಟ ಒಬ್ಬ ಕಸುಬುದಾರರಿದ್ದರು. ದುಬಾರಿ ಮಿಷನ್ನಿನಿಂದ ಶುರು ಮಾಡಿದೆ ಅಂತ ಒಬ್ಬರೂ ಹೇಳಲಿಲ್ಲ.

ಕಸುಬು ಹವ್ಯಾಸವಾದದ್ದು

ನಮ್ಮಲ್ಲಿ ಮರಗೆಲಸ ಬಹುಕಾಲ ಮನೆತನದ ಕಸುಬು. ವಿಶ್ವಕರ್ಮರ ಮನೆಯ ಹುಡುಗ ಅಪ್ಪನ ಕೊಡತಿಯ ಸದ್ದು ಕೇಳುತ್ತಲೇ ಬೆಳೆಯುತ್ತಿದ್ದ. ಸಾಗರ, ಸೊರಬದ ಗುಡಿಗಾರರಿಗೆ ಗಂಧದ ಕೆತ್ತನೆ, ಮೈಸೂರಿನ ಅನೇಕ ಮುಸ್ಲಿಂ ಕುಟುಂಬಗಳಿಗೆ ಬೀಟೆ ಮರದ ಇನ್‌ಲೇ ಕೆಲಸ ಹೀಗೇ ಬಂದದ್ದು. ಇನ್‌ಲೇ ಅಂದರೆ ಬೀಟೆಯ ಕಪ್ಪು ಹಲಗೆಯಲ್ಲಿ ಚಿತ್ರದ ಆಕಾರಕ್ಕೆ ತೋಡಿ, ಅದೇ ಆಕಾರಕ್ಕೆ ಕತ್ತರಿಸಿದ ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸುವುದು. ಹಿಂದೆ ದಂತವನ್ನೂ ಕೂರಿಸುತ್ತಿದ್ದರು. ಈಗ ದಂತಕ್ಕೆ ನಿಷೇಧವಿದೆ. 1897ರಲ್ಲಿ ಮರದ ಹಳೇ ಅರಮನೆ ಸುಟ್ಟುಹೋಗಿ, 1912ರಲ್ಲಿ ಈಗಿನ ಅರಮನೆ ಮುಗಿಯಿತಲ್ಲ, ಅದರ ಅಂಬಾವಿಲಾಸದ ಬಾಗಿಲನ್ನು ಒಮ್ಮೆ ನಿಧಾನವಾಗಿ ನೋಡಿ. ಬೀಟೆಯಲ್ಲಿ ದಂತ ಕೂರಿಸಿದ ಕೈಗಳ ಹಿಡಿತ ಎಂಥದ್ದು ಅಂತ ಗೊತ್ತಾಗುತ್ತದೆ.

ಕಸುಬು ಮನೆಯಿಂದ ತರಗತಿಗೆ ಬಂದದ್ದಕ್ಕೂ ನಮ್ಮೂರಲ್ಲೇ ಸಾಕ್ಷಿ ಇದೆ. ಸಯ್ಯಾಜಿರಾವ್ ರಸ್ತೆಯ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ 1906ರಲ್ಲಿ ಅಡಿಗಲ್ಲು ಹಾಕಿದವರು ಆಗಿನ ವೇಲ್ಸ್ ರಾಜಕುಮಾರ, ಮುಂದೆ ಐದನೇ ಜಾರ್ಜ್ ಆದವರು. ಅಪ್ಪನಿಂದ ಮಗನಿಗೆ ಹೋಗುತ್ತಿದ್ದ ಕೆಲಸವನ್ನು ಮೇಷ್ಟರಿಂದ ವಿದ್ಯಾರ್ಥಿಗೆ ದಾಟಿಸುವ ಪ್ರಯತ್ನ ಅದು. ಸ್ವೀಡನ್ನಿನಲ್ಲಿ ಇನ್ನೂ ಮುಂಚೆ, 1870ರ ದಶಕದಲ್ಲಿ, ಒಟ್ಟೊ ಸಾಲೊಮನ್ 'ಸ್ಲಾಯ್ಡ್' ಎಂಬ ಪದ್ಧತಿಯಲ್ಲಿ ಶಾಲಾ ಮೇಷ್ಟರುಗಳಿಗೇ ಮರಗೆಲಸ ಕಲಿಸುತ್ತಿದ್ದರು. ಮಕ್ಕಳನ್ನು ಬಡಗಿಗಳನ್ನಾಗಿ ಮಾಡುವುದು ಅವರ ಉದ್ದೇಶವಾಗಿರಲಿಲ್ಲ. ಮನೆಗೆ ಉಪಯೋಗವಾಗುವ ಸಣ್ಣ ಸಣ್ಣ ವಸ್ತುಗಳನ್ನು ಸುಲಭದಿಂದ ಕಷ್ಟದ ಕಡೆಗೆ ಮಾಡಿಸುತ್ತ ಕೈ ಮತ್ತು ಬುದ್ಧಿ ಎರಡನ್ನೂ ತಿದ್ದುವುದಾಗಿತ್ತು. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಮುಂದಿಟ್ಟ ಮೂಲಶಿಕ್ಷಣದಲ್ಲೂ ಕೈಕಸುಬೇ ಪಾಠದ ನಡುಗಂಬ.

ಅಳಗುಳಿ ಮಣೆಯ ಕಥೆಯೂ ಇದಕ್ಕೆ ಕೂಡಿಕೊಳ್ಳುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮಣೆಯಾಟಗಳ ಹುಚ್ಚು ಎಷ್ಟಿತ್ತೆಂದರೆ, 'ಶ್ರೀತತ್ತ್ವನಿಧಿ'ಯ ಕೊನೆಯ ಭಾಗವಾದ 'ಕೌತುಕನಿಧಿ' ಪೂರ್ತಿ ಆಟಗಳಿಗೇ ಮೀಸಲು. ನಮ್ಮ ನಜರ್‌ಬಾದಿನಲ್ಲೇ, ಮೃಗಾಲಯದ ಎದುರಿನ ಪ್ರತಿಮಾ ಗ್ಯಾಲರಿಯಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ' ಎಂಬ ಹೆಸರಿನಲ್ಲಿ ಇಂಥ ಮಣೆಗಳ ಪ್ರದರ್ಶನ ನಡೆಸಿಕೊಂಡು ಬಂದಿದ್ದಾರೆ. ಒಂದು ಮಣೆ ಕೊಂಡು ತಂದು ಅಜ್ಜಿಗೆ ಕೊಟ್ಟುಬಿಡಬಹುದಿತ್ತು. ಆದರೆ ಹಾಳು ಮಾಡಿದವರು ನಾವು. ದುಡ್ಡು ಕೊಟ್ಟು ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ.

ಮಣೆ ಸೀಳಿದ್ದು ಯಾಕೆ?

ಮರಗೆಲಸದ ಮೊದಲ ಪಾಠ ನಮಗೆ ಸಿಕ್ಕಿದ್ದು ಆ ಸೀಳಿನಲ್ಲೇ. ಮರ ಕಡಿದ ಮೇಲೂ ಗಾಳಿಯ ತೇವ ಹೀರುತ್ತ, ಬಿಡುತ್ತ ಇರುತ್ತದೆ. ತೇವ ಬಂದರೆ ಹಿಗ್ಗುತ್ತದೆ, ಹೋದರೆ ಕುಗ್ಗುತ್ತದೆ. ಆದರೆ ಎಲ್ಲ ದಿಕ್ಕಿಗೂ ಒಂದೇ ಸಮ ಅಲ್ಲ. ನಾರಿನ ಉದ್ದಕ್ಕೆ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ. ಅಡ್ಡಕ್ಕೆ ಜಾಸ್ತಿ. ಹಸಿ ತೇಗ ಪೂರ್ತಿ ಒಣಗುವಾಗ ಕಾಂಡದ ನಡುವಿನಿಂದ ತೊಗಟೆಯ ಕಡೆಗೆ ಸುಮಾರು 2.5%, ವರ್ಷದ ಉಂಗುರಗಳ ಗುಂಟ ಸುಮಾರು 5.8% ಕುಗ್ಗುತ್ತದೆ.

ಲೆಕ್ಕ ಹಾಕಿ ನೋಡಿ. ಈ ಕುಗ್ಗುವಿಕೆ ಮರದ ತೇವ ಸುಮಾರು 30%ರಿಂದ ಸೊನ್ನೆಗೆ ಇಳಿಯುವಾಗ ಆಗುವಂಥದ್ದು. ಅಂದರೆ ತೇವ 5% ಇಳಿದರೆ, ಉಂಗುರಗಳ ಗುಂಟ ಕೊಯ್ದ 150 ಮಿ.ಮೀ. ಅಗಲದ ಹಲಗೆ ಸುಮಾರು ಒಂದೂವರೆ ಮಿ.ಮೀ. ಕಿರಿದಾಗುತ್ತದೆ. ನಿಧಾನವಾಗಿ, ಎರಡೂ ಕಡೆ ಸಮವಾಗಿ ಒಣಗಿದರೆ ತೊಂದರೆಯಿಲ್ಲ. ನಾವು ಮಾಡಿದ್ದೇನು? ಮೇಲ್ಭಾಗವನ್ನು ಬಿಸಿಲಿಗೆ ಒಡ್ಡಿದೆವು, ಕೆಳಭಾಗ ಇನ್ನೂ ಒದ್ದೆಯಾಗಿತ್ತು. ಮೇಲಿನ ಪದರ ಕುಗ್ಗಲು ಎಳೆಯಿತು, ಕೆಳಗಿನದು ಬಿಡಲಿಲ್ಲ. ಹುಳ ತಿಂದು ಬಲಹೀನವಾಗಿದ್ದ ಸಾಲಿನಲ್ಲಿ ನಾರುಗಳು ಬಿಟ್ಟುಕೊಂಡವು. ಸ್ಟ್ರೆಂಗ್ತ್ ಆಫ್ ಮೆಟೀರಿಯಲ್ಸ್ ಪರೀಕ್ಷೆಯಲ್ಲಿ ಬರೆದದ್ದೆಲ್ಲ ಬಿಸಿಲಿಗೆ ಮಣೆ ಇಡುವಾಗ ನೆನಪಾಗಲಿಲ್ಲ, ಅಷ್ಟೇ.

ನಾವು ಮಾಡಿದ ಕ್ರಮ

*ಮರ.* ಆಚಾರ್ರು ಹಳೇ ತೇಗದ ಬಾಗಿಲಿನ ಒಂದು ತುಂಡು ಕೊಟ್ಟರು. ಎಷ್ಟೋ ವರ್ಷ ಒಣಗಿದ ಮರ, ಇನ್ನು ಸೊಟ್ಟಗಾಗುವುದು ಕಡಿಮೆ. ಹಳೇ ಮರ ತಂದರೆ ಮೊದಲು ಆಯಸ್ಕಾಂತ ಹಿಡಿದು ನೋಡಿ. ನಾವು ನೋಡಲಿಲ್ಲ, ಒಳಗೆ ಮುರಿದುಕೊಂಡಿದ್ದ ಮೊಳೆಗೆ ತಾಗಿ ಹೊಸ ಉಳಿಯ ಬಾಯಿ ಮೊದಲ ದಿನವೇ ಹೋಯಿತು.

*ಉಪಕರಣ.* ಒಂದು ಚಪ್ಪಟೆ ಉಳಿ, ಒಂದು ದುಂಡು ಬಾಯಿಯ ಉಳಿ, ಕೊಡತಿ, ಗರಗಸ, ಮೂಲೆಮಟ್ಟ, ಸಾಣೆಕಲ್ಲು, ಎರಡು ಸಿ-ಕ್ಲಾಂಪ್. ಆಚಾರ್ರ ಉಳಿ ಕೇಳಿದೆವು, ಕೊಡಲಿಲ್ಲ. "ಬೇಕಾದ್ರೆ ಇಲ್ಲೇ ಕೂತು ನೋಡಿ. ಉಳಿ ಮಾತ್ರ ಕೇಳಬೇಡಿ." ಆಯುಧಪೂಜೆಗೆ ಅವರು ಕುಂಕುಮ ಹಚ್ಚುವುದು ಅದೇ ಉಳಿಗಳಿಗೆ. ನಮಗೆ ಬೇಜಾರಾಗಲಿಲ್ಲ.

*ಸಾಣೆ.* ಮೊದಲ ಎರಡು ಸಂಜೆ ಬರೀ ಸಾಣೆ ಹಿಡಿದೆವು. ಉಳಿಯ ಬಾಯಿಯ ಕೋನ 25ರಿಂದ 30 ಡಿಗ್ರಿ ಇರಲಿ, ಬೆನ್ನು ಪೂರ್ತಿ ಸಪಾಟಾಗಿರಲಿ. ಮೊಂಡ ಉಳಿಯೇ ಹೆಚ್ಚು ಅಪಾಯ, ಯಾಕೆಂದರೆ ಬಲ ಹಾಕಿ ತಳ್ಳುತ್ತೀರಿ, ಅದು ಜಾರುತ್ತದೆ.

*ಗುರುತು.* ಹಲಗೆ 450 × 150 × 25 ಮಿ.ಮೀ., ನಾರು ಉದ್ದಕ್ಕೆ. ಎರಡು ಸಾಲು, ಸಾಲಿಗೆ ಏಳು ಗುಳಿ. ಗುಳಿಯ ವ್ಯಾಸ 50 ಮಿ.ಮೀ., ಆಳ 15. ಪಕ್ಕಪಕ್ಕದ ಗುಳಿಗಳ ಕೇಂದ್ರಗಳ ನಡುವೆ 60, ಎರಡು ಸಾಲುಗಳ ಕೇಂದ್ರಗಳ ನಡುವೆ 70 ಮಿ.ಮೀ. ಹೀಗೆ ಮಾಡಿದರೆ ತುದಿಗಳಲ್ಲಿ 20, ಬದಿಗಳಲ್ಲಿ 15 ಮಿ.ಮೀ. ಅಂಚು ಉಳಿಯುತ್ತದೆ. ಈ ಅಳತೆಗೆ ಗುಳಿಯ ಒಳಬಾಗಿನ ತ್ರಿಜ್ಯ ಸುಮಾರು 28 ಮಿ.ಮೀ. ಬರುತ್ತದೆ. ಕೈವಾರದಿಂದ ರಟ್ಟಿನ ಮೇಲೆ ಆ ಬಾಗು ಬರೆದು ಕತ್ತರಿಸಿ, ಪ್ರತಿ ಗುಳಿಗೂ ಅದನ್ನೇ ಅಚ್ಚಾಗಿ ಹಿಡಿದು ನೋಡಿದೆವು.

*ತೋಡುವುದು.* ಹಲಗೆಯನ್ನು ಕ್ಲಾಂಪ್ ಹಾಕಿ ಬಿಗಿದು, ಎರಡೂ ಕೈ ಉಳಿಯ ಬಾಯಿಯ ಹಿಂದೆಯೇ ಇರುವ ಹಾಗೆ ನೋಡಿಕೊಳ್ಳಿ. ಅಂಚಿನಿಂದ ನಡುವಿಗೆ ಇಳಿಯುತ್ತ ತೋಡಬೇಕು, ತಳ ಮುಟ್ಟಿದ ಕೂಡಲೇ ನಿಲ್ಲಿಸಬೇಕು. ಆಚೆ ಬದಿಗೆ ಏರುತ್ತ ಹೋದರೆ ಉಳಿ ನಾರಿಗೆ ಎದುರು ಬಿದ್ದು ಸಿಬಿರು ಎಬ್ಬಿಸುತ್ತದೆ. ಈ ಮಾತು ಅರ್ಥವಾಗಲು ನಮಗೆ ಮೂರು ಗುಳಿ ಕೆಡಬೇಕಾಯಿತು. ಆ ಹಲಗೆ ಹೋಯಿತು. ಎರಡನೇ ತುಂಡಿನಲ್ಲಿ ಸರಿಹೋಯಿತು.

*ಮುಗಿತಾಯ.* 80, 120, 220 ನಂಬರಿನ ಉಪ್ಪುಕಾಗದ, ಇದೇ ಕ್ರಮದಲ್ಲಿ, ಮೂಗಿಗೆ ಮಾಸ್ಕ್ ಹಾಕಿಕೊಂಡು. ಆಮೇಲೆ ಅಗಸೆ ಎಣ್ಣೆ ತೆಳ್ಳಗೆ. ತೆಂಗಿನೆಣ್ಣೆ ಗಟ್ಟಿಯಾಗುವುದಿಲ್ಲ, ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಸೇರಿ ದಿನಗಟ್ಟಲೆ ಸಮಯ ತೆಗೆದುಕೊಂಡು ಗಟ್ಟಿಯಾಗುತ್ತದೆ. ಆಗ ಬಿಸಿಯೂ ಹುಟ್ಟುತ್ತದೆ. ಅದಕ್ಕೇ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡಿ, ತಾನಾಗಿ ಬೆಂಕಿ ಹತ್ತಬಹುದು. ಬಯಲಲ್ಲಿ ಹರಡಿ ಒಣಗಿಸಿ.

ಕೆಡಿಸಿದ ಹಲಗೆ

ಕೆಟ್ಟ ಮೊದಲ ಹಲಗೆಯನ್ನು ನಾಚಿಕೆಯಿಂದಲೇ ಆಚಾರ್ರಿಗೆ ತೋರಿಸಿದೆವು. ಬೈಯುತ್ತಾರೆ ಅಂದುಕೊಂಡಿದ್ದೆವು. ಅವರು ತಿರುಗಿಸಿ ನೋಡಿ, "ನೀವು ಕೆಡಿಸುದ್ರೆ ಕಲ್ತಂಗೆ. ನಾನು ಕೆಡಿಸುದ್ರೆ ಅವತ್ತಿನ ಕೂಲಿ ಹೋದಂಗೆ" ಅಂದರು.

ಹವ್ಯಾಸಕ್ಕೂ ಕಸುಬಿಗೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾವು ಎಲ್ಲೂ ಓದಿಲ್ಲ. ನಮಗೆ ಹಲಗೆ ಕೆಡಿಸುವ ಸ್ವಾತಂತ್ರ್ಯವಿದೆ. ಹವ್ಯಾಸ ನಿಂತಿರುವುದೇ ಅದರ ಮೇಲೆ. ಆ ಸ್ವಾತಂತ್ರ್ಯವಿಲ್ಲದವರು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದ್ದರಿಂದಲೇ ನಮಗೆ ಕೆಲಸ ಬಂತು. ಹಾಗಾಗಿ ನಾವು ಒಂದು ನಿಯಮ ಮಾಡಿಕೊಂಡಿದ್ದೇವೆ. ಕಲಿಯಲು ಹೋಗಿ ಅವರ ಅರ್ಧ ದಿನ ತೆಗೆದುಕೊಂಡರೆ, ಕೇಳದಿದ್ದರೂ ಅರ್ಧ ದಿನದ ಕೂಲಿ ಕೊಡುವುದು. ನಾವೇ ಕಲಿತೆವು ಅಂತ, ಅವರು ಮಾಡಬೇಕಾದ ಕೆಲಸವನ್ನು ಕಡಿಮೆ ದುಡ್ಡಿಗೆ ಹಿಡಿಯದಿರುವುದು.

ನೀವೂ ಶುರು ಮಾಡಬೇಕು ಅಂತಿದ್ದರೆ, ಮಿಷನ್ನು ಕೊಳ್ಳುವ ಮುಂಚೆ ಮನೆಯಲ್ಲಿ ಏನು ಮುರಿದಿದೆ ನೋಡಿ. ಯಾರಿಗೆ ಏನು ಬೇಕಾಗಿದೆ ಕೇಳಿ. ಆಮೇಲೆ ನಿಮ್ಮ ಬೀದಿಯ ಆಚಾರ್ರ ಹತ್ತಿರ ಹೋಗಿ ಸುಮ್ಮನೆ ಒಂದು ಗಂಟೆ ಕೂತು ಬನ್ನಿ.

ಮಣೆ ಮುಗಿಯುವ ಹೊತ್ತಿಗೆ ಸಂಕ್ರಾಂತಿ ಬಂದಿತ್ತು. ಅಜ್ಜಿ ಹೊಸ ಮಣೆಯ ಗುಳಿಗಳಲ್ಲಿ ಬೆರಳಾಡಿಸಿ, "ಇದೊಂದು ಸ್ವಲ್ಪ ಆಳ ಆಯ್ತಲ್ಲಪ್ಪಾ" ಅಂತ ಮೂರನೇ ಗುಳಿಯನ್ನು ತೋರಿಸಿದರು. ಅಚ್ಚು ಹಿಡಿದು ನೋಡಿದರೆ ನಿಜ, ಎರಡು ಮಿ.ಮೀ. ಹೆಚ್ಚಿತ್ತು. ಅಜ್ಜಿ ಒಳಗೆ ಹೋಗಿ ಹುಣಸೆ ಬೀಜದ ಡಬ್ಬಿ ತಂದರು.