ಕಣ್ಣು ಬಾಗಿಲಿಗೆ, ಬಾಣ ಗೋಡೆಗೆ: ಒಂದು ಆಟಿಕೆಯ ವಿಜ್ಞಾನ ಪಾಠ

ಶರಣರು ಕಾಯಕವನ್ನು ಅರಿವಿನಿಂದ ಬೇರ್ಪಡಿಸಲಿಲ್ಲ. ಆ ಪರಂಪರೆಯ ಮಠದ ನೆರಳಿನಲ್ಲಿ ಬೆಳೆದ ಶಾಲೆಯಲ್ಲಿ ವಿಜ್ಞಾನವನ್ನು ಕಪ್ಪುಹಲಗೆಯ ಮೇಲಷ್ಟೇ ಕಲಿಸುವುದು ಅರ್ಧ ಪಾಠವೇ ಸರಿ. ನಮ್ಮ ದಾವಣಗೆರೆ–ಹರಿಹರದ ನೆಲವೂ ಕೈಗೆಲಸಕ್ಕೆ ಹೊಸದಲ್ಲ. ದಾವಣಗೆರೆಯ ಹತ್ತಿ ಗಿರಣಿಗಳು, 1941ರಲ್ಲಿ ಆರಂಭಗೊಂಡು ಲೇತು ಯಂತ್ರಗಳಿಗೆ ಹೆಸರಾದ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ, ದಾನಿಯೊಬ್ಬರ ಹೆಸರನ್ನು ಹೊತ್ತು 1951ರಿಂದ ನಡೆದುಬಂದಿರುವ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು, ಇವೆಲ್ಲ ಒಂದು ಕಾಲದ ಕುಶಲತೆಗೆ ಸಾಕ್ಷಿ. ಆ ಕಾರ್ಖಾನೆ ಈಗಿಲ್ಲ. ಗಿರಣಿಗಳ ಸದ್ದೂ ಬಹುಮಟ್ಟಿಗೆ ಅಡಗಿದೆ. ಆ ಕೈಚಳಕವನ್ನು ಮುಂದಿನವರಿಗೆ ದಾಟಿಸುವ ಹೊಣೆ ಈಗ ಶಾಲೆಗಳ ಮೇಲಿದೆ.

ಒಂಬತ್ತನೆಯ ತರಗತಿಯ ಮಕ್ಕಳು ಒಂದು ದಿನ ನನ್ನನ್ನು ಕೇಳಿದರು: "ಸರ್, ಯಾರಾದರೂ ಕೋಣೆಯೊಳಗೆ ಬಂದ ಕೂಡಲೇ ತಾನಾಗಿಯೇ ಸ್ಪಂಜಿನ ಬಾಣ ಬಿಡುವ ಆಟಿಕೆಯನ್ನು ಮಾಡಬಹುದೆ?" ಅವರ ಉತ್ಸಾಹ ಮೆಚ್ಚತಕ್ಕದ್ದು. ಆದರೆ ನನಗೆ ಅಳುಕು ಹುಟ್ಟಿತು. ದಾಸೋಹದ ಮನೆಯಲ್ಲಿ, ಬಂದವರ ಮೇಲೆ ಬಾಣ ಬಿಡುವ ಯಂತ್ರವೆ? ಬೇಡವೆಂದರೆ ಕಲಿಕೆ ನಿಲ್ಲುತ್ತದೆ. ಆಗಲಿ ಎಂದರೆ ಕಲಿಸಬಾರದ್ದನ್ನು ಕಲಿಸಿದಂತಾಗುತ್ತದೆ. ಈ ಇಕ್ಕಟ್ಟಿನಿಂದ ಹೊರಬಂದ ಬಗೆಯನ್ನೇ ಇಲ್ಲಿ ಪಾಠರೂಪದಲ್ಲಿ ನಿವೇದಿಸುತ್ತಿದ್ದೇನೆ.

ತತ್ತ್ವ

ಕಾವಲು ಕಾಯುವ ಯಂತ್ರದ ಕನಸು ಹಳೆಯದು. ಹನ್ನೊಂದನೆಯ ಶತಮಾನದ ಭೋಜರಾಜನ 'ಸಮರಾಂಗಣ ಸೂತ್ರಧಾರ'ದಲ್ಲಿಯೇ ಯಂತ್ರಗಳಿಗೆ ಮೀಸಲಾದ ಅಧ್ಯಾಯವೊಂದಿದೆ. ಅಂದು ಕನಸಾಗಿದ್ದದ್ದು ಇಂದು ಅಂಗೈಯಗಲದ ಬಿಡಿಭಾಗಗಳಿಂದ ಕೈಗೂಡುತ್ತದೆ.

ಮನುಷ್ಯನ ದೇಹವು ಸದಾ ಅವಕೆಂಪು ಕಿರಣಗಳನ್ನು ಹೊರಸೂಸುತ್ತಿರುತ್ತದೆ. ಇವುಗಳ ಪ್ರಾಬಲ್ಯ ಸುಮಾರು 9ರಿಂದ 10 ಮೈಕ್ರೋಮೀಟರ್ ತರಂಗಾಂತರದಲ್ಲಿರುತ್ತದೆ, ಕಣ್ಣಿಗೆ ಕಾಣವು. ಕೆಲವು ಸ್ಫಟಿಕಗಳ ಉಷ್ಣತೆ ಬದಲಾದಾಗ ಅವುಗಳ ಮೇಲ್ಮೈಯಲ್ಲಿ ವಿದ್ಯುದಾವೇಶ ತೋರುತ್ತದೆ. ಪಿ.ಐ.ಆರ್. ಎಂಬ ಸಂವೇದಕದಲ್ಲಿ ಇಂಥ ಎರಡು ತುಣುಕುಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿರುತ್ತಾರೆ. ಇಡೀ ಕೋಣೆ ನಿಧಾನವಾಗಿ ಬಿಸಿಯಾದರೆ ಎರಡರ ಪರಿಣಾಮವೂ ಒಂದನ್ನೊಂದು ಕಳೆದುಕೊಳ್ಳುತ್ತದೆ. ವ್ಯಕ್ತಿಯೊಬ್ಬ ಅಡ್ಡಹಾಯ್ದರೆ ಮೊದಲು ಒಂದು, ಅನಂತರ ಇನ್ನೊಂದು ಕಿರಣಗಳನ್ನು ಪಡೆಯುತ್ತದೆ. ಆಗ ಸಂಕೇತ ಹುಟ್ಟುತ್ತದೆ. ಮುಂದಿರುವ ಬಿಳಿಯ ಪ್ಲಾಸ್ಟಿಕ್ ಗುಮ್ಮಟವು ಅನೇಕ ಕಿರುಮಸೂರಗಳ ಸಮೂಹ; ಅದು ಕೋಣೆಯನ್ನು ಪಟ್ಟಿಪಟ್ಟಿಯಾಗಿ ಹಂಚಿ ತೋರುತ್ತದೆ.

ಇದರಿಂದ ಮಕ್ಕಳು ಮೂರು ಸಂಗತಿಗಳನ್ನು ತಾವೇ ಪರೀಕ್ಷಿಸಿ ತಿಳಿಯಬಹುದು. ಅಲುಗಾಡದೆ ನಿಂತವನನ್ನು ಸಂವೇದಕವು ಕಾಣದು. ಕಿಟಕಿಯ ಗಾಜಿನ ಆಚೆ ನಡೆದಾಡುವವನೂ ಅದಕ್ಕೆ ಕಾಣನು; ಈ ಕಿರಣಗಳಿಗೆ ಗಾಜು ಗೋಡೆಯಂತೆ. ಇನ್ನು ನಮ್ಮೂರಿನ ಏಪ್ರಿಲ್ ಮಧ್ಯಾಹ್ನ, ಗೋಡೆಯ ಉಷ್ಣತೆ ಮೈಯ ಉಷ್ಣತೆಯನ್ನು ಸಮೀಪಿಸಿದಾಗ, ಅದರ ದೃಷ್ಟಿ ಮಂದವಾಗುತ್ತದೆ.

ರಚನೆ

ಬೇಕಾದ ಸಾಮಗ್ರಿ ಅಲ್ಪ: ಎಚ್.ಸಿ.-ಎಸ್.ಆರ್. 501 ಎಂಬ ಸಂವೇದಕ, ಆರ್ಡುಯಿನೊ ಊನೊ ಫಲಕ, 9 ಗ್ರಾಂ ತೂಕದ ಚಿಕ್ಕ ಸರ್ವೋ ಮೋಟಾರು, ಬಜರ್, ಒಂದು ಸ್ವಿಚ್ಚು, 1.5 ವೋಲ್ಟಿನ ನಾಲ್ಕು ಸೆಲ್ಲುಗಳು, ಒಂದಡಿ ಉದ್ದದ ಮರದ ಹಲಗೆ, ಸೈಕಲ್ ಚಕ್ರದ ಕಡ್ಡಿ, ರಬ್ಬರ್ ಬ್ಯಾಂಡು ಮತ್ತು ಸ್ಪಂಜು. ಆರ್ಡುಯಿನೊ 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದಲ್ಲಿ ವಿದ್ಯಾರ್ಥಿಗಳಿಗಾಗಿಯೇ ರೂಪುಗೊಂಡದ್ದೆಂಬುದು ಸ್ಮರಣೀಯ.

ಹಲಗೆಯ ಮೇಲೆ ಎರಡು ಪಟ್ಟಿಗಳನ್ನು ಅಂಟಿಸಿ ಒಂದು ಕಾಲುವೆಯನ್ನು ಮಾಡಬೇಕು. ಅದರೊಳಗೆ ಮರದ ತುಂಡೊಂದು ಸಲೀಸಾಗಿ ಜಾರಬೇಕು. ರಬ್ಬರ್ ಬ್ಯಾಂಡು ಈ ತುಂಡನ್ನು ಮುಂದಕ್ಕೆ ಎಳೆಯುತ್ತಿರುತ್ತದೆ. ಹಲಗೆಯ ರಂಧ್ರದಿಂದ ಮೇಲೆ ಬಂದ ಸೈಕಲ್ ಕಡ್ಡಿಯ ಮೊಳೆ ಅದನ್ನು ತಡೆದಿರುತ್ತದೆ. ಸರ್ವೋವಿನ ತೋಳು ಮೊಳೆಯನ್ನು ಕೆಳಕ್ಕೆಳೆದ ಕ್ಷಣವೇ ತುಂಡು ನುಗ್ಗಿ ಸ್ಪಂಜಿನ ಬಾಣವನ್ನು ತಳ್ಳುತ್ತದೆ. ತುಂಡು ಹಲಗೆಯಲ್ಲಿಯೇ ಉಳಿಯುವಂತೆ ತುದಿಯಲ್ಲಿ ತಡೆ ಇರಲೇಬೇಕು. ಹಾರತಕ್ಕದ್ದು ಸ್ಪಂಜು ಮಾತ್ರ.

ವಿದ್ಯುತ್ ಜೋಡಣೆಯಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೋಟಾರಿಗೂ ಫಲಕದಿಂದಲೇ ವಿದ್ಯುತ್ ಕೊಟ್ಟರೆ, ಅದು ತಿರುಗುವಾಗ ವೋಲ್ಟೇಜು ಕುಸಿದು ಫಲಕವು ಮತ್ತೆ ಮೊದಲಿನಿಂದ ಆರಂಭಿಸುತ್ತದೆ. ಸಂವೇದಕವೂ ಸುಳ್ಳು ಸಂಕೇತ ನೀಡುತ್ತದೆ. ನಮ್ಮ ಮೊದಲ ಮಾದರಿ ಯಾರೂ ಬಾರದೆಯೇ ಬಾಣ ಬಿಡುತ್ತಿದ್ದುದಕ್ಕೆ ಇದೇ ಕಾರಣ. ಮೋಟಾರಿಗೆ ಪ್ರತ್ಯೇಕ ಸೆಲ್ಲುಗಳನ್ನಿತ್ತು, 470 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಅಡ್ಡಲಾಗಿ ಜೋಡಿಸಿ, ಎರಡೂ ಮಂಡಲಗಳ ಋಣ ತಂತಿಗಳನ್ನು ಕೂಡಿಸಿದ ಮೇಲೆ ದೋಷ ನೀಗಿತು. ದೋಷವನ್ನು ಹುಡುಕಿದ ಆ ಎರಡು ದಿನಗಳೇ ಮಕ್ಕಳಿಗೆ ಅತ್ಯುತ್ತಮ ಪಾಠವಾದವೆಂದು ನನ್ನ ನಂಬಿಕೆ.

ಫಲಕಕ್ಕೆ ಕೊಡುವ ಆಜ್ಞೆಗಳು ಹೀಗಿವೆ: ಆರಂಭದಲ್ಲಿ ಒಂದು ನಿಮಿಷ ಸುಮ್ಮನಿರು, ಸಂವೇದಕ ಸ್ಥಿರಗೊಳ್ಳಲಿ, ಸ್ವಿಚ್ಚು ಹಾಕದಿದ್ದರೆ ಏನನ್ನೂ ಮಾಡಬೇಡ, ಚಲನೆ ಕಂಡರೆ ಮೂರು ಸೆಕೆಂಡು ಬಜರ್ ನುಡಿಸು, ಅನಂತರವೇ ಮೊಳೆಯನ್ನೆಳೆ, ಒಮ್ಮೆ ಎಳೆದ ಮೇಲೆ ಮನುಷ್ಯನೊಬ್ಬ ಮತ್ತೆ ಸಜ್ಜುಗೊಳಿಸುವವರೆಗೂ ಸುಮ್ಮನಿರು.

ಲೆಕ್ಕ

ಬಾಣದ ವೇಗವನ್ನಳೆಯಲು ಅಳತೆಪಟ್ಟಿ ಸಾಕು. ಮೇಜಿನ ಎತ್ತರ 80 ಸೆಂಟಿಮೀಟರ್ ಇದ್ದು, ಬಾಣವನ್ನು ಅಡ್ಡಲಾಗಿ ಬಿಟ್ಟರೆ ಅದು ನೆಲಕ್ಕೆ ಬೀಳಲು ಸುಮಾರು 0.4 ಸೆಕೆಂಡು ಬೇಕು. ಅಷ್ಟರಲ್ಲಿ 2.4 ಮೀಟರ್ ದೂರ ಹೋದರೆ ವೇಗವು ಸೆಕೆಂಡಿಗೆ 6 ಮೀಟರ್. ಹತ್ತು ಬಾಣಗಳನ್ನು ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿದಾಗ ಒಂದರ ದ್ರವ್ಯರಾಶಿ 1 ಗ್ರಾಂ ಎಂದಿಟ್ಟುಕೊಳ್ಳೋಣ. ಆಗ ಚಲನಶಕ್ತಿ 0.018 ಜೌಲ್. ರಬ್ಬರನ್ನು ಹೆಚ್ಚಿಸಿ ವೇಗವನ್ನು ಇಮ್ಮಡಿಗೊಳಿಸಿದರೆ ಶಕ್ತಿ ನಾಲ್ಮಡಿಯಾಗುತ್ತದೆ, 0.072 ಜೌಲ್. "ಇನ್ನೊಂದು ರಬ್ಬರ್ ಹಾಕೋಣ" ಎನ್ನುವ ಬಾಲಕನಿಗೆ ಉಪದೇಶಕ್ಕಿಂತ ಈ ಲೆಕ್ಕವೇ ಹೆಚ್ಚು ಮನದಟ್ಟಾಗುತ್ತದೆ. ಮೆದು ಸ್ಪಂಜೂ ಕಣ್ಣಿಗೆ ತಗುಲಿದರೆ ಅಪಾಯವೇ. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಮಾರಾಟದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿರುವುದೂ ಮಕ್ಕಳ ಸುರಕ್ಷತೆಗಾಗಿಯೇ. ಮನೆಯಲ್ಲಿ ಮಾಡಿದ ಆಟಿಕೆಗೆ ಅಂಥ ಗುರುತಿಲ್ಲ. ಮಾಡಿದವನ ವಿವೇಕವೇ ಅದರ ಗುರುತು.

ವಿವೇಕ

ಕೈಯಲ್ಲಿ ಹಿಡಿದ ಆಟಿಕೆ ಬಂದೂಕಿಗೂ ಇದಕ್ಕೂ ಒಂದು ಭೇದವಿದೆ. ಅಲ್ಲಿ ಬಿಡುವವನು ಎದುರಿನ ಮುಖವನ್ನು ನೋಡುತ್ತಾನೆ. ಇಲ್ಲಿ ಯಂತ್ರ ನೋಡುವುದು ಬಿಸಿಯನ್ನು ಮಾತ್ರ. ಬಂದವರು ಗೆಳೆಯರೋ ಗುರುಗಳೋ ಹಸುಗೂಸೋ ಅದಕ್ಕೆ ತಿಳಿಯದು. "ಹಾಗಾದರೆ ಯಾರಿಗಾದರೂ ತಗುಲಿದರೆ ತಪ್ಪು ಯಾರದು?" ಎಂದು ತರಗತಿಯಲ್ಲಿ ಕೇಳಿದೆ. ಯಂತ್ರದ್ದು ಎಂದರು ಕೆಲವರು; ಎದುರು ಬಂದವರದ್ದು ಎಂದನೊಬ್ಬ. ಕೊನೆಯ ಬೆಂಚಿನಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಮೆಲ್ಲನೆ ಹೇಳಿದಳು: "ನಾವು ಅಲ್ಲಿಲ್ಲದಿದ್ದರೂ ತಪ್ಪು ನಮ್ಮದೇ ಸರ್, ಇಟ್ಟವರು ನಾವಲ್ಲವೆ?" ತರಗತಿ ಸ್ತಬ್ಧವಾಯಿತು. ನಾನು ಸೇರಿಸಬೇಕಾದ ಮಾತು ಉಳಿದಿರಲಿಲ್ಲ.

ಪರಿಹಾರವನ್ನೂ ಮಕ್ಕಳೇ ಕಂಡರು. ಸಂವೇದಕದ ಕಣ್ಣು ಬಾಗಿಲ ಕಡೆಗಿರಲಿ, ಬಾಣದ ಮೂತಿ ಯಾರೂ ಸುಳಿಯದ ಮೂಲೆಯ ಗೋಡೆಯ ಕಡೆಗಿರಲಿ. ಎರಡು ಬದಿಗೂ ರಟ್ಟಿನ ತಡಿಕೆ ಕಟ್ಟಿ, ಗೋಡೆಗೆ ಒಂದು ತೆಳು ತಗಡಿನ ತಟ್ಟೆಯನ್ನು ತೂಗುಹಾಕಿದರು. ಈಗ ಯಾರಾದರೂ ಪ್ರಯೋಗಾಲಯವನ್ನು ಪ್ರವೇಶಿಸಿದರೆ ಬಜರ್ ನುಡಿಯುತ್ತದೆ, ಬಾಣ ತಟ್ಟೆಗೆ ಬಡಿದು 'ಟಣ್' ಎನ್ನುತ್ತದೆ. ಮಕ್ಕಳು ಎದ್ದು "ಶರಣು, ಬನ್ನಿ" ಎನ್ನುತ್ತಾರೆ. ತಂತಿಗಳು ಅವೇ, ಲೆಕ್ಕವೂ ಅದೇ. ಆದರೆ ಕಾವಲುಗಾರನಾಗಿದ್ದ ಯಂತ್ರ ಅತಿಥಿಯ ಆಗಮನವನ್ನು ಸಾರುವ ಗಂಟೆಯಾಯಿತು.

ಶಿಕ್ಷಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ: ಮಕ್ಕಳ ಬಯಕೆ ಅಳುಕು ಹುಟ್ಟಿಸಿದಾಗ ಅದನ್ನು ಅದುಮದೆ, ಅದರ ಮುಖವನ್ನು ತಿರುಗಿಸಲು ಯತ್ನಿಸೋಣ. ಹಳೆಯ ವಿದ್ಯಾರ್ಥಿಗಳಲ್ಲಿ ಕುಶಲಕರ್ಮಿಗಳೂ ಇಂಜಿನಿಯರುಗಳೂ ಅನೇಕರಿದ್ದಾರೆ. ತಿಂಗಳಿಗೊಂದು ಶನಿವಾರ ಬಂದು ಬೆಸುಗೆ ಹಾಕುವುದನ್ನೋ ಅರ ಹಿಡಿಯುವುದನ್ನೋ ಕಲಿಸಿದರೆ ಅದೂ ದಾಸೋಹವೇ. ದಾನಿಗಳು ಕಟ್ಟಿಸಿಕೊಟ್ಟ ಕೊಠಡಿಗಳಲ್ಲಿ ಉಪಕರಣಗಳ ಸದ್ದು ಕೇಳುತ್ತಿರಲಿ. ಶ್ರೀಮಠದ ಕೃಪೆಯಿಂದ ನಮ್ಮ ಮಕ್ಕಳ ಕೈಗೆ ಕುಶಲತೆಯೂ, ಆ ಕೈಯನ್ನು ಆಳುವ ಮನಸ್ಸಿಗೆ ಕರುಣೆಯೂ ಒದಗಲೆಂದು ಹಾರೈಸುತ್ತೇನೆ.