ತಾಂತ್ರಿಕ ದೂರುಗಳ ನಿರ್ವಹಣೆಗೆ ತಂತ್ರಾಂಶದ ಆಯ್ಕೆ
(ಅಧ್ಯಯನ ಲೇಖನ: ಗ್ರಾಮ ಪಂಚಾಯಿತಿ ಸದಸ್ಯರ ಅವಗಾಹನೆಗಾಗಿ)

1. ವಿಷಯ ಪ್ರವೇಶ

ಇ-ಸ್ವತ್ತು ನಮೂನೆ-9ಕ್ಕಾಗಿ ಬಂದ ವೃದ್ಧೆಯೊಬ್ಬರು "ಕಂಪ್ಯೂಟರ್ ಕೆಟ್ಟಿದೆ, ನಾಳೆ ಬನ್ನಿ" ಎಂಬ ಉತ್ತರ ಪಡೆದು ಹಿಂದಿರುಗುವುದು ಸದಸ್ಯರು ಕಾಣದ ದೃಶ್ಯವೇನಲ್ಲ. ಡಾಟಾ ಎಂಟ್ರಿ ಆಪರೇಟರ್ ಅವರು ಮೇಲಿನ ಕಚೇರಿಯ ತಾಂತ್ರಿಕ ಸಿಬ್ಬಂದಿಗೆ ಕರೆ ಮಾಡಿರುತ್ತಾರೆ. ಆ ಸಿಬ್ಬಂದಿ ಮತ್ತೊಂದು ಪಂಚಾಯಿತಿಯ ಕೆಲಸದಲ್ಲಿರುತ್ತಾರೆ. ಸಂಜೆಯ ವೇಳೆಗೆ ಕರೆ ಮರೆತುಹೋಗಿರುತ್ತದೆ. ಕರೆ ಮಾಡಿದ್ದಕ್ಕೂ ದಾಖಲೆಯಿಲ್ಲ, ಮರೆತದ್ದಕ್ಕೂ ದಾಖಲೆಯಿಲ್ಲ. ಮೂರು ನಾಲ್ಕು ಮಂದಿ ಇರುವ ಮಾಹಿತಿ ತಂತ್ರಜ್ಞಾನ ಶಾಖೆಯೊಂದು ಅನೇಕ ಪಂಚಾಯಿತಿಗಳ ಗಣಕಯಂತ್ರ, ಪ್ರಿಂಟರ್, ಯುಪಿಎಸ್ ಹಾಗೂ ಅಂತರ್ಜಾಲ ಸಂಪರ್ಕವನ್ನು ನೋಡಿಕೊಳ್ಳುವಾಗ ಕೇವಲ ನೆನಪನ್ನು ನಂಬಿ ನಡೆಯಲಾಗದು. ಇದಕ್ಕೆ ಪರಿಹಾರವಾಗಿ ಟಿಕೆಟ್ ತಂತ್ರಾಂಶಗಳು ಬಳಕೆಯಲ್ಲಿವೆ. ಅವುಗಳ ಆಯ್ಕೆ ತಾಂತ್ರಿಕ ಸಿಬ್ಬಂದಿಯ ಕೆಲಸವಾದರೂ, ಅದರ ಫಲವನ್ನು ಪ್ರಶ್ನಿಸುವ ಹಕ್ಕು ಮತ್ತು ಹೊಣೆ ಚುನಾಯಿತ ಸದಸ್ಯರದ್ದಾಗಿದೆ.

2. ಟಿಕೆಟ್ ಎಂದರೇನು?

ಕಚೇರಿಯ ಆವಕ ವಹಿಯಲ್ಲಿ ಪ್ರತಿ ಪತ್ರಕ್ಕೂ ಸಂಖ್ಯೆ ಮತ್ತು ದಿನಾಂಕ ಇರುವಂತೆ, ಪ್ರತಿ ತಾಂತ್ರಿಕ ದೂರಿಗೂ ದೊರೆಯುವ ಸಂಖ್ಯೆಯೇ ಟಿಕೆಟ್. 2011ರ ಸಕಾಲ ಅಧಿನಿಯಮದಡಿ ಅರ್ಜಿದಾರರಿಗೆ ನೀಡುವ ಜಿಎಸ್‌ಸಿ ಸಂಖ್ಯೆಯು ಸದಸ್ಯರಿಗೆ ಪರಿಚಿತವಾಗಿದೆ. ಆ ಸಂಖ್ಯೆಯಿಂದ ಅರ್ಜಿಯ ಸ್ಥಿತಿಯನ್ನು ತಿಳಿಯಬಹುದು. ಟಿಕೆಟ್‌ನ ತತ್ವವೂ ಅದೇ: ದೂರು ಯಾವಾಗ ಬಂತು, ಯಾರ ವಶದಲ್ಲಿದೆ, ಏನು ಕ್ರಮವಾಯಿತು, ಯಾವಾಗ ಮುಗಿಯಿತು ಎಂಬುದು ಒಂದೇ ಕಡೆ ದಾಖಲಾಗುತ್ತದೆ.

3. ದೂರು ಮತ್ತು ಯೋಜನೆ ಒಂದೇ ಅಲ್ಲ

ಪ್ರಿಂಟರ್ ಕೆಟ್ಟಿದ್ದರೆ ಅದು ದೂರು. ಒಬ್ಬರು ಸರಿಪಡಿಸಿದರೆ ಮುಗಿಯಿತು. ತಾಲ್ಲೂಕಿನ ಎಲ್ಲ ಪಂಚಾಯಿತಿಗಳಿಗೆ ಹೊಸ ಗಣಕಯಂತ್ರ ಅಳವಡಿಸುವುದು ಯೋಜನೆ. ಖರೀದಿಯಾಗದೆ ಸಾಗಣೆಯಿಲ್ಲ, ವಿದ್ಯುತ್ ಜೋಡಣೆಯಾಗದೆ ಅಳವಡಿಕೆಯಿಲ್ಲ. ಇಂತಹ ಕೆಲಸಕ್ಕೆ ಹಂತ, ಗಡುವು ಮತ್ತು ಪರಸ್ಪರ ಅವಲಂಬನೆಯನ್ನು ತೋರಿಸುವ ಸೌಲಭ್ಯ ಬೇಕು. ಶಾಖೆಯ ಕೆಲಸದಲ್ಲಿ ಯಾವುದರ ಪಾಲು ಹೆಚ್ಚೆಂಬುದನ್ನು ಮೊದಲು ಅರಿತು, ಅನಂತರ ತಂತ್ರಾಂಶವನ್ನು ಹುಡುಕುವುದು ಸೂಕ್ತ.

4. ಲಭ್ಯವಿರುವ ತಂತ್ರಾಂಶಗಳು

ಓಎಸ್‌ಟಿಕೆಟ್ ದೂರುಗಳ ಸ್ವೀಕಾರ ಮತ್ತು ಉತ್ತರಕ್ಕಾಗಿ ರೂಪಿತವಾದುದು. ಜಿಎಲ್‌ಪಿಐ ದೂರಿನ ಜೊತೆಗೆ ಉಪಕರಣಗಳ ದಾಸ್ತಾನನ್ನೂ ಇಡುವುದರಿಂದ, ಒಂದೇ ಯುಪಿಎಸ್ ಪದೇಪದೇ ಕೆಡುತ್ತಿದ್ದರೆ ಪತ್ತೆಯಾಗುತ್ತದೆ. 2006ರಿಂದ ಲಭ್ಯವಿರುವ ರೆಡ್‌ಮೈನ್‌ನಲ್ಲಿ ದೂರು, ಹಂತ ಹಾಗೂ ಕಾಲಪಟ್ಟಿ ಮೂರೂ ಇವೆ. ಈ ಮೂರೂ ಮುಕ್ತ ತಂತ್ರಾಂಶಗಳಾಗಿದ್ದು, ನಮ್ಮದೇ ಸರ್ವರ್‌ನಲ್ಲಿ ಅಳವಡಿಸಿಕೊಳ್ಳಬಹುದು. ಪರವಾನಗಿ ಶುಲ್ಕವಿಲ್ಲವೆಂದ ಮಾತ್ರಕ್ಕೆ ವೆಚ್ಚವಿಲ್ಲವೆಂದು ಅರ್ಥವಲ್ಲ. ಸರ್ವರ್, ಬ್ಯಾಕಪ್, ಸುರಕ್ಷತಾ ಪರಿಷ್ಕರಣೆ ಮತ್ತು ಅವನ್ನು ಬಲ್ಲ ಸಿಬ್ಬಂದಿ ಅಗತ್ಯ. ಜಿರಾದಂತಹ ವಾಣಿಜ್ಯ ತಂತ್ರಾಂಶಗಳಲ್ಲಿ ಈ ಹೊರೆ ಕಡಿಮೆ, ಆದರೆ ಬಳಕೆದಾರರ ಸಂಖ್ಯೆಗೆ ಅನುಗುಣವಾಗಿ ಶುಲ್ಕ ಏರುತ್ತದೆ.

ಇಲ್ಲಿ ಎರಡು ನಿದರ್ಶನಗಳು ಗಮನಾರ್ಹ. ಜಿರಾವನ್ನು ಸ್ವಂತ ಸರ್ವರ್‌ನಲ್ಲಿ ಬಳಸುವ ಸಾಮಾನ್ಯ ಆವೃತ್ತಿಗೆ ನೀಡುತ್ತಿದ್ದ ಬೆಂಬಲವನ್ನು ಅದರ ಸಂಸ್ಥೆಯು 2024ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಅದನ್ನು ನೆಚ್ಚಿದ್ದ ಕಚೇರಿಗಳು ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕಾಯಿತು. ಓಟಿಆರ್‌ಎಸ್ ಎಂಬ ತಂತ್ರಾಂಶದ ಉಚಿತ ಆವೃತ್ತಿಯನ್ನು ನಿಲ್ಲಿಸುವುದಾಗಿ 2020ರ ಕೊನೆಯಲ್ಲಿ ಪ್ರಕಟವಾದಾಗ, ಅದರ ಮೂಲಸಂಕೇತ ಮುಕ್ತವಾಗಿದ್ದುದರಿಂದ ಜ್ನೂನಿ ಎಂಬ ಹೆಸರಿನಲ್ಲಿ ಬೇರೆಯವರು ಅದನ್ನು ಮುಂದುವರಿಸಿದರು. ಯಾವ ತಂತ್ರಾಂಶವೂ ಶಾಶ್ವತವಲ್ಲ. ಆದ್ದರಿಂದ ಒಳಗೆ ಹೋಗುವ ಮುನ್ನವೇ ಹೊರಬರುವ ದಾರಿಯನ್ನು ನೋಡಿಕೊಂಡಿರಬೇಕು.

5. ಖರೀದಿಗೆ ಮುನ್ನ ಪರೀಕ್ಷೆ

ಮಾರಾಟಗಾರರ ಪ್ರದರ್ಶನವನ್ನಷ್ಟೇ ನಂಬದೆ, ಎರಡು ಮೂರು ಪಂಚಾಯಿತಿಗಳಲ್ಲಿ ಒಂದು ತಿಂಗಳು ನಿಜವಾದ ದೂರುಗಳಿಂದಲೇ ಪರೀಕ್ಷಿಸಬೇಕು.

(ಅ) ಮೊಬೈಲ್‌ನಿಂದ, ನಿಧಾನ ಸಂಪರ್ಕದಲ್ಲಿಯೂ, ದೂರು ದಾಖಲಿಸಲು ಸಾಧ್ಯವೇ?
(ಆ) ಕನ್ನಡವನ್ನು ಯೂನಿಕೋಡ್‌ನಲ್ಲಿ ಬರೆಯಲು, ಹುಡುಕಲು ಆಗುತ್ತದೆಯೇ? ಪಿಡಿಎಫ್ ವರದಿಯಲ್ಲಿ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೇ?
(ಇ) ಎಲ್ಲ ದಾಖಲೆಗಳನ್ನು ಒಟ್ಟಾಗಿ ಹೊರತೆಗೆಯಬಹುದೇ? ಬ್ಯಾಕಪ್‌ನಿಂದ ಮರುಸ್ಥಾಪಿಸಿ ನೋಡಲಾಗಿದೆಯೇ?
(ಈ) ಪಂಚತಂತ್ರ, ಇ-ಸ್ವತ್ತುಗಳಂತಹ ರಾಜ್ಯಮಟ್ಟದ ತಂತ್ರಾಂಶದ ದೋಷವನ್ನು ಶಾಖೆ ತಾನೇ ಸರಿಪಡಿಸಲಾಗದು. ಅದನ್ನು ಮೇಲಕ್ಕೆ ಕಳುಹಿಸಿದ ದಿನಾಂಕ ಪ್ರತ್ಯೇಕವಾಗಿ ಕಾಣುತ್ತದೆಯೇ?

ದೂರಿನ ವಿವರದಲ್ಲಿ ಆಧಾರ್ ಸಂಖ್ಯೆಯನ್ನಾಗಲಿ ಪಾಸ್‌ವರ್ಡ್‌ನ್ನಾಗಲಿ ಬರೆಯದಂತೆ ಸಿಬ್ಬಂದಿಗೆ ತಿಳಿಸುವುದು ಅಗತ್ಯ. ಹಣ ನೀಡಿ ಪಡೆಯುವುದಾದಲ್ಲಿ, 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮಕ್ಕೆ ಒಳಪಟ್ಟು ಕ್ರಮವಹಿಸಬೇಕು.

6. "ಮುಕ್ತಾಯ" ಎಂಬ ಪದದ ಬಗ್ಗೆ ಎಚ್ಚರ

ತಂತ್ರಾಂಶ ಬಂದ ಮೇಲೆ ಹುಟ್ಟುವ ದೊಡ್ಡ ದೋಷವೆಂದರೆ, ಕೆಲಸವಾಗದೆಯೇ ದೂರನ್ನು ಮುಕ್ತಾಯಗೊಳಿಸುವುದು. ಮುಕ್ತಾಯದ ಸಂಖ್ಯೆಯೊಂದನ್ನೇ ಸಾಧನೆಯೆಂದು ಅಳೆದರೆ ಸಿಬ್ಬಂದಿ ಸಂಖ್ಯೆಗಾಗಿಯೇ ದುಡಿಯುತ್ತಾರೆ. ದೂರು ನೀಡಿದವರು "ಸರಿಯಾಗಿದೆ" ಎಂದು ದೃಢಪಡಿಸಿದ ನಂತರವೇ ಮುಕ್ತಾಯವಾಗಬೇಕು. ಮತ್ತೆ ಅದೇ ತೊಂದರೆ ಬಂದರೆ ಹಳೆಯ ಟಿಕೆಟ್ ತೆರೆಯುವಂತಿರಬೇಕು. ಹಾಗೆಯೇ ದೂರುಗಳು ಹೆಚ್ಚು ದಾಖಲಾದ ಪಂಚಾಯಿತಿಯನ್ನು ಹಿಂದುಳಿದದ್ದೆಂದು ಭಾವಿಸಬಾರದು. ಅಲ್ಲಿನವರು ತೊಂದರೆಯನ್ನು ಮುಚ್ಚಿಡದೆ ಬರೆದಿರಬಹುದು.

7. ಸಾಮಾನ್ಯ ಸಭೆಯಲ್ಲಿ ಕೇಳಬಹುದಾದ ಪ್ರಶ್ನೆಗಳು

(1) ನಮ್ಮ ಪಂಚಾಯಿತಿಯಿಂದ ಹೋದ ದೂರುಗಳಲ್ಲಿ ಅತ್ಯಂತ ಹಳೆಯದು ಯಾವುದು, ಈಗ ಯಾರ ವಶದಲ್ಲಿದೆ?
(2) ಯಾವ ಉಪಕರಣ ಮರಳಿ ಮರಳಿ ಕೆಟ್ಟಿದೆ? ದುರಸ್ತಿಗಿಂತ ಬದಲಾವಣೆ ಮೇಲೇ?
(3) ದೂರು ಬಾಕಿಯಿದ್ದ ಅವಧಿಯಲ್ಲಿ ಎಷ್ಟು ಅರ್ಜಿದಾರರು ಸೇವೆಯಿಲ್ಲದೆ ಹಿಂದಿರುಗಿದರು?

ಮೂರನೆಯ ಪ್ರಶ್ನೆಗೆ ಯಾವ ತಂತ್ರಾಂಶವೂ ತಾನಾಗಿ ಉತ್ತರ ನೀಡದು. ಅರ್ಜಿದಾರರ ಸಂಖ್ಯೆಯನ್ನು ಟಿಕೆಟ್‌ನಲ್ಲಿ ಬರೆಯುವ ರೂಢಿಯನ್ನು ಪಂಚಾಯಿತಿಯೇ ಬೆಳೆಸಿಕೊಳ್ಳಬೇಕು. ಹಾಗೆ ಬರೆದಾಗ, ಹಿಂದಿರುಗಿ ಹೋದ ವೃದ್ಧೆಯ ಅಲೆದಾಟವೂ ದಾಖಲೆಯಲ್ಲಿ ಉಳಿಯುತ್ತದೆ. ದಾಖಲೆಯಲ್ಲಿ ಉಳಿದದ್ದನ್ನು ಸಭೆಯು ಕೇಳಲು ಸಾಧ್ಯವಾಗುತ್ತದೆ.